ಪ್ಯಾಲೆಟ್ ಮೇಲೇ ತಣಿಯುವ ಸಿಂಟರ್ ಯಂತ್ರ: ಒಂಬತ್ತು ವರ್ಷ ನಡೆಸಿದ ಮೇಲೆ

ಮಳೆಗಾಲ ಶುರುವಾದ ಹೊಸದರಲ್ಲಿ ಪಕ್ಕದ ಕಾರ್ಖಾನೆಯ ಇಬ್ಬರು ಇಂಜಿನಿಯರುಗಳು ಕಬ್ಬಿಣದ ಅದಿರಿನ ಪುಡಿಯನ್ನ ಸುಟ್ಟು ಹೆಂಟೆ ಮಾಡುವ ನಮ್ಮ ಸಿಂಟರ್ ಪ್ಲಾಂಟ್ ನೋಡಲು ಬಂದಿದ್ದರು. ಅವರು ಹೊಸ ಯಂತ್ರ ಕೊಳ್ಳುವವರಿದ್ದಾರೆ. ಕೈಯಲ್ಲಿ ಎರಡು ಕೊಟೇಶನ್ ಇತ್ತು. ಒಂದರಲ್ಲಿ ಸಿಂಟರ್ ಯಂತ್ರ ಬೇರೆ, ಗುಂಡಗೆ ತಿರುಗುವ ಕೂಲರ್ ಬೇರೆ. ಇನ್ನೊಂದರಲ್ಲಿ ಕೂಲರ್ ಅನ್ನೋದೇ ಇಲ್ಲ. ಸುಡುವುದೂ ತಣಿಸುವುದೂ ಒಂದೇ ಸ್ಟ್ರಾಂಡ್ ಮೇಲೆ, ಅಂದರೆ ಪ್ಯಾಲೆಟ್ ಅನ್ನೋ ತಟ್ಟೆಗಾಡಿಗಳು ಒಂದರ ಹಿಂದೆ ಒಂದು ಸಾಗುವ ಒಂದೇ ಸಾಲಿನ ಮೇಲೆ. "ಯಾವುದು ತಗೊಳ್ಳೋಣ ಸರ್?" ಅಂತ ಕೇಳಿದರು. ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ಹೇಳುವ ಮಾತಲ್ಲ ಅದು. ಹಾಗಾಗಿ ನಿಧಾನಕ್ಕೆ ಕೂತು ಬರೆಯುತ್ತಿದ್ದೇನೆ. ಇಂಥ ಯಂತ್ರದ ಬಗ್ಗೆ ಕನ್ನಡದಲ್ಲಿ ಯಾರೂ ಬರೆದಿದ್ದು ನಾನು ನೋಡಿಲ್ಲ. ನಡೆಸುವವರು ಮಾತ್ರ ಹೆಚ್ಚಿನವರು ನಮ್ಮೂರ ಹುಡುಗರೇ.

ನಾನು ಕೊಪ್ಪಳ ಮತ್ತು ಹೊಸಪೇಟೆ ನಡುವಿನ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್. 2004ರಿಂದ ಹನ್ನೊಂದು ವರ್ಷ ಬೇರೆ ಕಡೆ, ರೋಟರಿ ಕೂಲರ್ ಇದ್ದ ಯಂತ್ರದಲ್ಲಿ ಕೆಲಸ ಮಾಡಿದೆ. ಆಮೇಲಿನ ಒಂಬತ್ತು ವರ್ಷ ಈ ಯಂತ್ರದ ಮೇಲೆ. ಎರಡನ್ನೂ ಕೈಯಾರೆ ನಡೆಸಿದ್ದೇನೆ ಅನ್ನೋ ಧೈರ್ಯದ ಮೇಲೆ ಇದನ್ನ ಬರೆಯುತ್ತಿದ್ದೇನೆ. ಯಂತ್ರ ಮಾಡಿಕೊಟ್ಟವರ ಹೆಸರು ಇಲ್ಲಿ ಬೇಕಿಲ್ಲ. ಈ ಮಾದರಿಯನ್ನ ಹಲವರು ಮಾಡುತ್ತಾರೆ, ನಾನು ಹೇಳುವುದು ಮಾದರಿಯ ಬಗ್ಗೆ.

ಸಿಂಟರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಸಂಡೂರು, ದೋಣಿಮಲೆ ಕಡೆ ಅದಿರು ಅಗೆದಾಗ ಗಟ್ಟಿ ಕಲ್ಲಿನ ಜೊತೆ ರಾಶಿ ರಾಶಿ ಪುಡಿಯೂ ಬರುತ್ತದೆ. 10 ಮಿಲಿಮೀಟರಿಗಿಂತ ಸಣ್ಣದು. ಫೈನ್ಸ್ ಅಂತೀವಿ. ಅದನ್ನ ಹಾಗೇ ಕಬ್ಬಿಣ ತೆಗೆಯುವ ಬ್ಲಾಸ್ಟ್ ಫರ್ನೇಸಿಗೆ ಸುರಿದರೆ ಒಳಗೆ ಗಾಳಿ ಆಡುವುದಿಲ್ಲ. ಅದಕ್ಕೇ ಕೋಕ್ ಪುಡಿ, ಸುಣ್ಣದ ಕಲ್ಲು, ಡೊಲೊಮೈಟ್, ಸುಟ್ಟ ಸುಣ್ಣ, ಹಿಂದಿನ ಸಿಂಟರಿನಲ್ಲಿ ಉದುರಿದ ಪುಡಿ ಎಲ್ಲ ಬೆರೆಸಿ, ನೀರು ಹಾಕಿ, ಡ್ರಮ್ಮಿನಲ್ಲಿ ಉರುಳಿಸಿ, ಪ್ಯಾಲೆಟ್ ಮೇಲೆ ಹಾಸುತ್ತೇವೆ. ಮೇಲಿಂದ ಬೆಂಕಿ ಹಚ್ಚಿ ಕೆಳಗಿಂದ ಗಾಳಿ ಎಳೆಯುತ್ತೇವೆ. ಬೆಂಕಿ ನಿಮಿಷಕ್ಕೆ ಸುಮಾರು 20 ಮಿಲಿಮೀಟರ್ ಲೆಕ್ಕದಲ್ಲಿ ಕೆಳಗಿಳಿಯುತ್ತದೆ. ಅದು ತಳ ಮುಟ್ಟುವ ಹೊತ್ತಿಗೆ ಪುಡಿಯೆಲ್ಲ ಅರೆಬರೆ ಕರಗಿ, ಒಂದಕ್ಕೊಂದು ಅಂಟಿ, ತೂತು ತೂತಾದ ಗಟ್ಟಿ ಹೆಂಟೆ ಆಗಿರುತ್ತದೆ. ಅದೇ ಸಿಂಟರ್. ಸಾಲಾಗಿ ಸಾಗುವ ಪ್ಯಾಲೆಟ್ ಮೇಲೆ ಇದನ್ನ ಮಾಡುವ ದಾರಿ ಕಂಡುಕೊಂಡವರು ಡ್ವೈಟ್ ಮತ್ತು ಲಾಯ್ಡ್. 1906ರ ಸುಮಾರಿಗೆ, ಮೆಕ್ಸಿಕೋದ ಕನನೇಯದಲ್ಲಿ. ಇವತ್ತಿಗೂ ಈ ಯಂತ್ರಕ್ಕೆ ಅವರ ಹೆಸರೇ.

ಸಮಸ್ಯೆ ಶುರುವಾಗುವುದು ಇದಾದ ಮೇಲೆ. ಸುಟ್ಟ ಹೆಂಟೆ 600-800 ಡಿಗ್ರಿ ಬಿಸಿ ಇರುತ್ತದೆ. ಅದನ್ನ 100ರ ಆಸುಪಾಸಿಗೆ ಇಳಿಸದೆ ಸಾಗಿಸುವ ರಬ್ಬರ್ ಬೆಲ್ಟ್ ಮೇಲೆ ಹಾಕುವ ಹಾಗಿಲ್ಲ. ನೀರು ಹೊಡೆದು ತಣಿಸಿದರೆ ಪಟಪಟ ಒಡೆದು ಮತ್ತೆ ಪುಡಿ ಆಗುತ್ತದೆ. ಗಾಳಿಯಲ್ಲೇ, ನಿಧಾನಕ್ಕೆ ತಣಿಸಬೇಕು. ರೋಟರಿ ಕೂಲರ್ ಇದ್ದ ಕಡೆ ಕೆಂಪಗಿರುವಾಗಲೇ ಸ್ಟಾರ್ ಕ್ರಷರಿನಲ್ಲಿ ಒಡೆದು, ಆಮೇಲೆ ಕೂಲರಿಗೆ ಸುರಿಯುತ್ತಾರೆ. ನಮ್ಮ ಯಂತ್ರದಲ್ಲಿ ಸ್ಟ್ರಾಂಡನ್ನೇ ಉದ್ದ ಮಾಡಿದ್ದಾರೆ. ಪ್ಯಾಲೆಟ್ 2 ಮೀಟರ್ ಅಗಲ. ಮೊದಲ 18 ಮೀಟರ್ ಸುಡುವುದಕ್ಕೆ, ಮುಂದಿನ 16 ಮೀಟರ್ ತಣಿಸುವುದಕ್ಕೆ. ಕೆಳಗೆ 2 ಮೀಟರಿಗೊಂದರಂತೆ ಗಾಳಿ ಎಳೆಯುವ ವಿಂಡ್ ಬಾಕ್ಸ್. ಸುಡುವ ಕಡೆ 9, ತಣಿಸುವ ಕಡೆ 8. ಎರಡಕ್ಕೂ ಬೇರೆ ಬೇರೆ ಫ್ಯಾನ್. ಬೆಡ್, ಅಂದರೆ ಹಾಸಿದ ಮಿಶ್ರಣದ ಎತ್ತರ, 550 ಮಿಲಿಮೀಟರ್, ಸ್ಪೀಡ್ ನಿಮಿಷಕ್ಕೆ 0.68 ಮೀಟರ್. ಒಂದು ಪ್ಯಾಲೆಟ್ ತುದಿಯಿಂದ ತುದಿಗೆ ಹೋಗಲು 50 ನಿಮಿಷ. ದಿನಕ್ಕೆ 1,200 ಟನ್ ಆಸುಪಾಸು ಬರುತ್ತದೆ.

ಮೊದಲು ಇಷ್ಟವಾದದ್ದನ್ನ ಹೇಳಿಬಿಡುತ್ತೇನೆ. ಹಳೆ ಪ್ಲಾಂಟಿನಲ್ಲಿ ಕ್ರಷರ್ ಪ್ಲಾಟ್‌ಫಾರ್ಮ್ ಅಂದರೆ ಯಾರಿಗೂ ಬೇಡವಾದ ಜಾಗ. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ. ಒಳಗೆ ಕೆಂಡದ ಬಂಡೆ ಕಣ್ಣೆದುರೇ ಬೀಳುತ್ತಿರುತ್ತದೆ. ಕ್ರಷರಿನ ಶಾಫ್ಟ್ ಒಳಗೆ ನೀರು ಹರಿಯುತ್ತಿರಬೇಕು, ಇಲ್ಲದಿದ್ದರೆ ಬಾಗಿಬಿಡುತ್ತದೆ. ಹಲ್ಲು ಸವೆದರೆ ಬದಲಿಸಬೇಕು. ಮೆಷಿನ್ ನಿಲ್ಲಿಸಿ ನಾಲ್ಕು ತಾಸಾದರೂ ಅಲ್ಲಿ ಬರಿಗೈ ಇಡೋಕೆ ಆಗುತ್ತಿರಲಿಲ್ಲ. ನಮ್ಮ ಫಿಟ್ಟರುಗಳು ಒದ್ದೆ ಗೋಣಿಚೀಲ ಹಾಸಿಕೊಂಡು ಅದರ ಮೇಲೆ ಮಂಡಿಯೂರಿ ಕೆಲಸ ಮಾಡುತ್ತಿದ್ದರು. ಅದನ್ನ ನೋಡಿದವರಿಗೆ ಮಾತ್ರ ಈ ಹೊಸ ಯಂತ್ರದ ಬೆಲೆ ಗೊತ್ತಾಗುತ್ತದೆ. ಇಲ್ಲಿ ಹೆಂಟೆ ತಣ್ಣಗಾದ ಮೇಲೆ ಕ್ರಷರಿಗೆ ಬೀಳುತ್ತದೆ. ಪಕ್ಕದಲ್ಲೇ ನಿಂತು ನೋಡಬಹುದು. ದಪ್ಪ ಗ್ಲೌಸ್ ಹಾಕಿ ಒಂದು ತುಂಡು ಎತ್ತಿ ತಿರುಗಿಸಿ ನೋಡಬಹುದು. ಕ್ರಷರಿಗೆ ನೀರಿನ ಪೈಪ್ ಇಲ್ಲ. ಬಿಸಿ ಧೂಳಿನ ಮೋಡ ಇಲ್ಲ. ಕೂಲರಿನ ರಬ್ಬರ್ ಸೀಲ್ ಹರಿಯಿತು ಅನ್ನೋ ಗೋಳಿಲ್ಲ.

ಸಿಂಟರ್ ಕೂಡ ಗಟ್ಟಿ. ಲ್ಯಾಬಿನಲ್ಲಿ ಡ್ರಮ್ ಟೆಸ್ಟ್ ಮಾಡುತ್ತಾರೆ. 15 ಕಿಲೋ ಸಿಂಟರ್ ಡ್ರಮ್ಮಿಗೆ ಹಾಕಿ, ನಿಮಿಷಕ್ಕೆ 25ರಂತೆ 200 ಸುತ್ತು ತಿರುಗಿಸಿ, 6.3 ಮಿಲಿಮೀಟರ್ ಜರಡಿ ಮೇಲೆ ಎಷ್ಟು ಉಳಿಯಿತು ನೋಡುವುದು. ಹಳೆ ಕಡೆಗಿಂತ ಇಲ್ಲಿ ಎರಡು ಮೂರು ಅಂಕ ಜಾಸ್ತಿಯೇ ಬರುತ್ತದೆ. ಅದಿರು ಬೇರೆ, ಸುಣ್ಣದ ಲೆಕ್ಕ ಬೇರೆ, ಹಾಗಾಗಿ ಪೂರ್ತಿ ಯಂತ್ರದ್ದೇ ಪುಣ್ಯ ಅನ್ನಲಾರೆ. ಆದರೆ ಕೆಂಪಗಿರುವಾಗ ಬಡಿದು ಒಡೆದದ್ದಕ್ಕೂ, ಇದ್ದ ಜಾಗದಲ್ಲೇ ತಣಿಯಲು ಬಿಟ್ಟು ಆಮೇಲೆ ಒಡೆದದ್ದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ, ಅಲ್ವಾ?

ಈಗ ಕಷ್ಟದ ಮಾತು. ಸಿಂಟರ್ ನಡೆಸುವವನ ಜೀವ ಇರುವುದು ಬಿಟಿಪಿಯಲ್ಲಿ. ಬೆಂಕಿ ತಳ ಮುಟ್ಟುವ ಜಾಗಕ್ಕೆ ಹಾಗೆ ಹೆಸರು. ಅಲ್ಲಿ ವಿಂಡ್ ಬಾಕ್ಸಿನ ಗಾಳಿ ಅತಿ ಹೆಚ್ಚು ಬಿಸಿ ಇರುತ್ತದೆ. ನಮ್ಮಲ್ಲಿ ಅದು 8ನೇ ಬಾಕ್ಸಿಗೆ ಬರಬೇಕು, 360 ಡಿಗ್ರಿ ಹತ್ತಿರ. ಹಳೆ ಪ್ಲಾಂಟಿನಲ್ಲಿ ಇದನ್ನ ಕಣ್ಣಿನಲ್ಲೇ ನೋಡುತ್ತಿದ್ದೆವು. ಪ್ಯಾಲೆಟ್ ಮಗುಚುವ ಜಾಗದಲ್ಲಿ ಹೆಂಟೆ ಮುರಿದು ಬೀಳುತ್ತದಲ್ಲ, ಆ ಮುರಿದ ಮುಖದಲ್ಲಿ ಕೆಳಗಡೆ ಒಂದು ಕೆಂಪು ಪಟ್ಟಿ ಕಾಣುತ್ತದೆ. ಕೆಳಗಿನ ಮೂರನೇ ಒಂದು ಭಾಗದಲ್ಲಿ ಸಮವಾಗಿ ಇದ್ದರೆ ಎಲ್ಲ ಸರಿ. ಮೇಲೇರಿದರೆ ಇನ್ನೂ ಬೆಂದಿಲ್ಲ. ತೀರಾ ತೆಳ್ಳಗಾದರೆ ಬೇಗ ಬೆಂದಿದೆ, ಸ್ಪೀಡ್ ಏರಿಸಬಹುದು. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇದ್ದರೆ ಹಾಸುವಾಗಲೇ ಏರುಪೇರಾಗಿದೆ. ನನ್ನ ಮೊದಲ ಫೋರ್‌ಮನ್ ಒಂದು ನೋಟದಲ್ಲಿ ಇಷ್ಟೂ ಹೇಳುತ್ತಿದ್ದರು. ನನಗೆ ಕಲಿಸಿದ್ದೂ ಅದನ್ನೇ. "ಪಟ್ಟಿ ನೋಡ್ಲಾ, ಪಟ್ಟಿ ನೋಡಿದ್ರ ಹೊಟ್ಟಿ ಒಳಗಿಂದೆಲ್ಲ ತಿಳೀತದ" ಅನ್ನುತ್ತಿದ್ದರು.

ಈ ಯಂತ್ರದಲ್ಲಿ ಆ ಪಟ್ಟಿ ಇಲ್ಲ. ಕೊನೆಗೆ ಬೀಳುವುದು ಕಪ್ಪು ಹೆಂಟೆ. ಬೆಂಕಿ ಎಲ್ಲಿ ತಳ ಮುಟ್ಟಿತು ಅನ್ನೋದು ಅದರ ಮುಖದಲ್ಲಿ ಬರೆದಿರುವುದಿಲ್ಲ. ಹನ್ನೊಂದು ವರ್ಷ ನಾನು ಕಲಿತಿದ್ದ ವಿದ್ಯೆ ಮೊದಲ ದಿನವೇ ಕೈಬಿಟ್ಟಿತು. ಕೊಟೇಶನ್ನಿನಲ್ಲಿ ಯಾರೂ ಇದನ್ನ ಬರೆಯುವುದಿಲ್ಲ. ಸುಡುವುದು ಮತ್ತು ತಣಿಸುವುದು ಒಂದೇ ಮಾಡಿದಾಗ ನಡೆಸುವವನ ಕಣ್ಣಿನ ಕೆಲಸ ಪೂರ್ತಿ ಬಿಸಿ ಅಳೆಯುವ ಥರ್ಮೋಕಪಲ್ಲಿಗೆ ಹೋಗುತ್ತದೆ. ಹಾಗಿದ್ದ ಮೇಲೆ ಥರ್ಮೋಕಪಲ್ ಧಾರಾಳ ಇರಬೇಕು ತಾನೇ? ನಮಗೆ ಬಂದ ಯಂತ್ರದಲ್ಲಿ ತಣಿಸುವ ಕಡೆಯ 8 ಬಾಕ್ಸಿಗೆ ಮೂರೇ ಇದ್ದವು. 10, 13 ಮತ್ತು 17ಕ್ಕೆ. ಉಳಿದ ಐದನ್ನ ನಾವೇ ಹಾಕಿಸಿಕೊಂಡೆವು, ಅದೂ ಒಂದು ದೊಡ್ಡ ಪೆಟ್ಟು ತಿಂದ ಮೇಲೆ.

ಆ ಪೆಟ್ಟಿನ ಕತೆ ಹೇಳಲೇಬೇಕು. ಎರಡನೇ ವರ್ಷದ ಜುಲೈ. ಬಿಡದೆ ಮಳೆ. ಹೊಸ ಲಾಟ್ ಅದಿರು ಬಂದಿತ್ತು. ತೀರಾ ನುಣುಪು, ಅಂಗಳದಲ್ಲಿ ನೆನೆದು ಮುದ್ದೆ ಆಗಿತ್ತು. ಡ್ರಮ್ಮಿನಿಂದ ಬಂದ ಮಿಶ್ರಣವನ್ನ ಮುಷ್ಟಿಯಲ್ಲಿ ಹಿಡಿದು ಅದುಮಿ ನೋಡುವುದು ನನ್ನ ರೂಢಿ. ಸರಿಯಾಗಿದ್ದರೆ ಪಂಚಮಿ ಉಂಡಿಯ ಹಾಗೆ ನಿಲ್ಲಬೇಕು, ಬೆರಳಲ್ಲಿ ತಟ್ಟಿದರೆ ಕಾಳು ಕಾಳಾಗಿ ಉದುರಬೇಕು. ಅವತ್ತು ಉದುರಲಿಲ್ಲ, ಅಂಗೈಗೆ ಅಂಟಿತು. ನೀರು ಕಡಿಮೆ ಮಾಡಿಸಿದೆ. ಆದರೆ ಅಷ್ಟರಲ್ಲಿ ಹಾಸಿ ಹೋಗಿದ್ದ ಮಿಶ್ರಣ ಆಗಲೇ ಸ್ಟ್ರಾಂಡ್ ಮೇಲಿತ್ತು. ಹಾಸುವ ಜಾಗದಿಂದ 8ನೇ ಬಾಕ್ಸಿಗೆ ಬರಲು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಕು. ಅಲ್ಲಿಯವರೆಗೆ ಏನೂ ಕಾಣುವುದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ 8ನೇ ಬಾಕ್ಸ್ 210ಕ್ಕೆ ಇಳಿದಿತ್ತು. ಬೆಂಕಿ ತಳ ಮುಟ್ಟಿರಲಿಲ್ಲ. ಸ್ಪೀಡ್ ಇಳಿಸಬೇಕಾಗಿತ್ತು, ಯಾರೂ ಇಳಿಸಲಿಲ್ಲ. ಕಂಟ್ರೋಲ್ ರೂಮಿನಲ್ಲಿದ್ದವನಿಗೆ ಟನ್ ಲೆಕ್ಕದ ಚಿಂತೆ, ನಾನು ಕೆಳಗೆ ಡ್ರಮ್ ಹತ್ತಿರ ಇದ್ದೆ.

ರೋಟರಿ ಕೂಲರ್ ಇದ್ದಿದ್ದರೆ ಏನಾಗುತ್ತಿತ್ತು? ಅರೆಬೆಂದ ಸಿಂಟರ್ ಕೂಲರಿಗೆ ಬೀಳುತ್ತಿತ್ತು. ಗುಣಮಟ್ಟ ಹಾಳು, ಕೂಲರ್ ಸ್ವಲ್ಪ ಜಾಸ್ತಿ ಬಿಸಿ, ಅಷ್ಟೇ. ಕೂಲರ್ ತನ್ನ ಪಾಡಿಗೆ ತಣಿಸುತ್ತಿತ್ತು. ಇಲ್ಲಿ ಹಾಗಲ್ಲ. ಬೆಂಕಿ ಗಡಿ ದಾಟಿ ತಣಿಸುವ ಜಾಗಕ್ಕೆ ನುಗ್ಗಿತು. 10, 11ನೇ ಬಾಕ್ಸಿನ ಮೇಲೆ ಇನ್ನೂ ಸುಡುತ್ತಲೇ ಇತ್ತು. ಅಂದರೆ ತಣಿಸಲು ಇದ್ದ 16 ಮೀಟರಿನಲ್ಲಿ 4 ಮೀಟರ್ ಹೋಯಿತು. ಉಳಿದದ್ದರಲ್ಲಿ ತಣಿಯಲಿಲ್ಲ. ತೆಂಗಿನಕಾಯಿ ಗಾತ್ರದ ಕೆಂಡದ ಉಂಡೆಗಳು ಬೆಲ್ಟಿಗೆ ಬಿದ್ದವು. ತುದಿಯಲ್ಲಿ ನೀರಿನ ಸ್ಪ್ರೇ ಇತ್ತು. ಆರು ನಾಜಲ್ಲಿನಲ್ಲಿ ಒಂದೇ ಒಂದು ಬಿಟ್ಟುಕೊಂಡಿತು, ಉಳಿದವು ಉಪ್ಪುಗಟ್ಟಿ ಮುಚ್ಚಿಹೋಗಿದ್ದವು. ರಬ್ಬರ್ ಸುಟ್ಟ ವಾಸನೆ ಬಂದಾಗಲೇ ನನಗೆ ಗೊತ್ತಾಗಿದ್ದು. 30 ಮೀಟರ್ ಬೆಲ್ಟ್ ಹೋಯಿತು. ಹನ್ನೊಂದು ಗಂಟೆ ಪ್ಲಾಂಟ್ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಅದೊಂದು ಸಮಾಧಾನ.

ಮಾರನೇ ದಿನ ಗೋಡೆ ಮೇಲೆ ಬರೆಸಿದೆ. 17ನೇ ಬಾಕ್ಸ್ 120 ದಾಟಿದರೆ ಸ್ಪೀಡ್ ಇಳಿಸು. 140 ದಾಟಿದರೆ ಸ್ಟ್ರಾಂಡ್ ನಿಲ್ಲಿಸು, ಯಾರನ್ನೂ ಕೇಳಬೇಡ. ಈ ಯಂತ್ರದ ಒಂದು ದೊಡ್ಡ ಗುಣ ಇಲ್ಲೇ ಇದೆ. ಸ್ಟ್ರಾಂಡ್ ನಿಲ್ಲಿಸಿ, ಮೇಲಿಂದ ಬೆಂಕಿ ಹಚ್ಚುವ ಇಗ್ನಿಷನ್ ಫರ್ನೇಸಿನ ಗ್ಯಾಸ್ ಇಳಿಸಿ, ತಣಿಸುವ ಫ್ಯಾನ್ ಓಡುತ್ತಾ ಇರಲಿ ಅಂತ ಬಿಟ್ಟರೆ, ಹತ್ತು ನಿಮಿಷದಲ್ಲಿ ಇದ್ದಲ್ಲೇ ಎಲ್ಲ ತಣ್ಣಗಾಗುತ್ತದೆ. ಏನೂ ಎಲ್ಲಿಗೂ ಬೀಳುವುದಿಲ್ಲ. ಹತ್ತು ನಿಮಿಷದ ಉತ್ಪಾದನೆ ಹೋಗುತ್ತದೆ, ಹೋಗಲಿ.

ಇನ್ನೊಂದು ಗುಣ, ನನಗೆ ತುಂಬಾ ಇಷ್ಟವಾದದ್ದು. 9 ಮತ್ತು 10ನೇ ಬಾಕ್ಸನ್ನ ಎರಡೂ ಕಡೆಗೆ ತಿರುಗಿಸಬಹುದು. ಡ್ಯಾಂಪರ್ ಹೀಗೆ ಹಾಕಿದರೆ ಸುಡುವ ಫ್ಯಾನಿಗೆ, ಹಾಗೆ ಹಾಕಿದರೆ ತಣಿಸುವ ಫ್ಯಾನಿಗೆ. ನಾವು ಅವಕ್ಕೆ ಗಡಿ ಬಾಕ್ಸ್ ಅಂತೀವಿ. ಮಳೆಗಾಲದಲ್ಲಿ ಬೆಂಕಿ ತಡವಾಗಿ ಇಳಿದರೆ 10ನ್ನ ಸುಡುವ ಕಡೆಗೆ ಕೊಡುತ್ತೇವೆ. ಬೇಸಿಗೆಯಲ್ಲಿ ಒಣ ಅದಿರು, ಬೇಗ ಬೇಯುತ್ತದೆ, ಆಗ 9ನ್ನೂ ತಣಿಸುವುದಕ್ಕೆ ಕೊಡಬಹುದು. ಆದರೆ ಇದರಲ್ಲಿ ಒಂದು ಎಚ್ಚರ ಬೇಕು. 9ನೇ ಬಾಕ್ಸಿನ ಬಿಸಿ ಗಾಳಿ ಹೋಗಿಬಿಟ್ಟರೆ ಸುಡುವ ಕಡೆಯ ಮುಖ್ಯ ಪೈಪಿನ ಗಾಳಿ ತಣ್ಣಗಾಗುತ್ತದೆ. ಮೊದಲ ಐದು ಬಾಕ್ಸಿನಿಂದ ಬರುವುದು ಬರೀ ಹಬೆ ತುಂಬಿದ 60-70 ಡಿಗ್ರಿ ಗಾಳಿ. ಮುಖ್ಯ ಪೈಪ್ 120ಕ್ಕಿಂತ ಕೆಳಗಿಳಿಯಿತು ಅಂದರೆ ಒಳಗೆ ಬೆವರು, ಗಂಧಕದ ಆಮ್ಲ. ಧೂಳು ಹಿಡಿಯುವ ಇಎಸ್‌ಪಿಯ ತಗಡು ಎರಡು ವರ್ಷದಲ್ಲಿ ತೂತು. ಬೇರೆ ಯಂತ್ರದಲ್ಲೂ ಇದು ಇದ್ದದ್ದೇ. ಆದರೆ ಗಡಿಯನ್ನ ಕೈಯಾರೆ ಸರಿಸುವ ಯಂತ್ರದಲ್ಲಿ ತಪ್ಪು ಮಾಡುವುದು ಸುಲಭ.

ನಮ್ಮ ಸೀಮೆಯಲ್ಲಿ ಈ ಗಡಿ ಯಾಕೆ ಇಷ್ಟು ಓಡಾಡುತ್ತದೆ ಅಂತ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ವರ್ಷಕ್ಕೆ ಇಂತಿಷ್ಟೇ ಅಂತ ಮಿತಿ ಹಾಕಿ ಬಿಟ್ಟಿತು. ಮಾರಾಟ ಇ-ಹರಾಜಿನಲ್ಲಿ. ಹತ್ತು ವರ್ಷಕ್ಕಿಂತ ಜಾಸ್ತಿ ಹೀಗೇ ನಡೆಯಿತು. 2022ರ ಮೇನಲ್ಲಿ ನೇರ ಮಾರಾಟಕ್ಕೆ ಕೋರ್ಟ್ ಒಪ್ಪಿತು. ಆ ಹರಾಜಿನ ಕಾಲದಲ್ಲಿ ನಾವು ಬೇಕಾದ ಅದಿರು ಆರಿಸುತ್ತಿರಲಿಲ್ಲ, ಸಿಕ್ಕ ಲಾಟ್ ತರುತ್ತಿದ್ದೆವು. ಈ ವಾರ ಒಂದು ಗಣಿಯದು, ಮುಂದಿನ ವಾರ ಇನ್ನೊಂದರದು. ಒಂದರಲ್ಲಿ ಅಲ್ಯೂಮಿನಾ ಜಾಸ್ತಿ, ಒಂದರಲ್ಲಿ ನುಣುಪು ಜಾಸ್ತಿ, ಒಂದು ನೀರು ಕುಡಿಯುತ್ತದೆ, ಒಂದು ಕುಡಿಯುವುದೇ ಇಲ್ಲ. ಪ್ರತಿ ಲಾಟಿಗೂ ಬೆಂಕಿ ಇಳಿಯುವ ವೇಗ ಬೇರೆ. ಕೂಲರ್ ಬೇರೆ ಇದ್ದ ಯಂತ್ರ ಇದನ್ನ ಸಹಿಸಿಕೊಳ್ಳುತ್ತದೆ. ನಮ್ಮದು ಸಹಿಸುವುದಿಲ್ಲ, ಕೂಡಲೇ ಮುನಿಸಿಕೊಳ್ಳುತ್ತದೆ. ಕೊನೆಗೆ ನಾವು ಮಾಡಿದ್ದು ಅಂಗಳದಲ್ಲಿ ದೊಡ್ಡ ರಾಶಿ. ನಾಲ್ಕೈದು ಲಾಟನ್ನ ಪದರ ಪದರವಾಗಿ ಹಾಸಿ, ಅಡ್ಡಡ್ಡ ಕೊಯ್ದು ತೆಗೆಯುವುದು. ಸುಟ್ಟ ಸುಣ್ಣವನ್ನ ನೂರಕ್ಕೆ ಎರಡರಷ್ಟು ಹಾಕಲು ಶುರು ಮಾಡಿದೆವು, ಮಿಶ್ರಣ ಕಾಳುಗಟ್ಟುವುದು ಸುಧಾರಿಸಿತು. ಯಂತ್ರ ಆಮೇಲೆ ಶಾಂತವಾಯಿತು. ಹಾಗಾಗಿ ಯಂತ್ರಕ್ಕೆ ದುಡ್ಡು ಕೊಡುವ ಮೊದಲು ಅಂಗಳಕ್ಕೆ ದುಡ್ಡಿದೆಯಾ ನೋಡಿಕೊಳ್ಳಿ.

ತಣಿಸುವ ವಿಷಯದಲ್ಲೇ ಇನ್ನೊಂದು ತೊಡಕಿದೆ. ಸಿಂಟರ್ ಬೆಂದ ಮೇಲೆ ಕುಗ್ಗುತ್ತದೆ. ಪ್ಯಾಲೆಟ್ ಗೋಡೆಗೂ ಹೆಂಟೆಗೂ ನಡುವೆ ಬೆರಳು ಹೋಗುವಷ್ಟು ಸಂದಿ ಬೀಳುತ್ತದೆ. ಗಾಳಿಗೆ ಏನು, ಸುಲಭದ ದಾರಿ ಸಿಕ್ಕಿದರೆ ಅಲ್ಲೇ ನುಗ್ಗುತ್ತದೆ. ಅಂಚು ತಣ್ಣಗೆ, ನಡುವೆ ಕೆಂಡ. ಒಡೆದು ಹಾಕುವ ಕೂಲರಿನಲ್ಲಿ ತುಂಡುಗಳ ನಡುವೆ ಗಾಳಿ ಎಲ್ಲ ಕಡೆ ಆಡುತ್ತದೆ, ಈ ತೊಂದರೆ ಕಡಿಮೆ. ನಾವು ಪ್ಯಾಲೆಟ್ ತಳದ ಎರಡೂ ಅಂಚಿಗೆ ಗಾಳಿ ಹೋಗಲು ಸಂದಿ ಇಲ್ಲದ ಸರಳು, ಬ್ಲೈಂಡ್ ಬಾರ್, ಹಾಕಿಸಿದೆವು. ಹಾಸುವಾಗ ಅಂಚಿಗೆ ಸ್ವಲ್ಪ ಒತ್ತಿ ಹಾಸುತ್ತೇವೆ. ಈಗ ನಡುವಿನ ಕೆಂಪು ಅಪರೂಪ.

ಗ್ರೇಟ್ ಬಾರ್, ಅಂದರೆ ಪ್ಯಾಲೆಟ್ ತಳದ ಸರಳುಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಮ್ಮಲ್ಲಿ 92 ಪ್ಯಾಲೆಟ್, ಒಂದೊಂದಕ್ಕೆ 150 ಬಾರ್. ಒಟ್ಟು 13,800. ಗಾಳಿ ಮೇಲಿಂದ ಕೆಳಗೆ ಹೋಗುತ್ತದೆ, ಹೆಂಟೆಯ ಬಿಸಿಯೆಲ್ಲ ಹೊತ್ತುಕೊಂಡು ಬಾರ್ ಮೇಲೇ ಹಾಯುತ್ತದೆ. ಬೇರೆ ಯಂತ್ರದಲ್ಲಿ ಬಾರ್ ಬಿಸಿ ತಿನ್ನುವುದು ಕೊನೆಯ ಒಂದೆರಡು ಬಾಕ್ಸಿನಲ್ಲಿ ಮಾತ್ರ. ಇಲ್ಲಿ ಅದರಾಚೆಗೂ ತುಂಬಾ ಹೊತ್ತು ತಿನ್ನುತ್ತದೆ. ಮೊದಲ ವರ್ಷ ಬಾರುಗಳು ಸೊಟ್ಟಗಾಗಿ ಉದುರಿದವು. ಒಂದು ಬಾರ್ ಬಿದ್ದರೆ ಆ ತೂತಿನಲ್ಲಿ ಸಿಂಟರ್ ಕೆಳಗಿಳಿಯುತ್ತದೆ, ಗಾಳಿ ಸುಮ್ನೆ ಸೋರುತ್ತದೆ. ತಳಕ್ಕೆ ಹಾಕುವ ಹಾರ್ತ್ ಲೇಯರನ್ನ, ಅಂದರೆ 10ರಿಂದ 20 ಮಿಲಿಮೀಟರಿನ ಬೆಂದ ಸಿಂಟರಿನ ಹಾಸಿಗೆಯನ್ನ, 30ರಿಂದ 45 ಮಿಲಿಮೀಟರಿಗೆ ಏರಿಸಿದೆ. ಕ್ರೋಮಿಯಂ ಜಾಸ್ತಿ ಇರುವ ಬಾರ್ ತರಿಸಿದೆವು. ಈಗ ವರ್ಷದ ಶಟ್‌ಡೌನ್ ತನಕ ಹೆಚ್ಚಿನವು ನಡೆಯುತ್ತವೆ. ಆದರೂ ಪ್ರತಿ ಶಿಫ್ಟಿನಲ್ಲಿ ಒಬ್ಬ ಮನುಷ್ಯ ಮರಳಿ ಬರುವ ಪ್ಯಾಲೆಟ್ ಕೆಳಗೆ ನಿಂತು ಬಾರ್ ಎಣಿಸಲೇಬೇಕು.

ಸೋರಿಕೆ ಕೂಡ ಹಾಗೇ. ಸ್ಟ್ರಾಂಡ್ ಉದ್ದ ಆದಷ್ಟೂ ಪಕ್ಕದ ಸೀಲ್ ಉದ್ದ. ಸರಿಯಾಗಿ ನೋಡಿಕೊಳ್ಳದ ಯಂತ್ರದಲ್ಲಿ ಫ್ಯಾನ್ ಎಳೆಯುವ ಗಾಳಿಯ ಮೂರನೇ ಒಂದು ಭಾಗ ಬೆಡ್ ಮೂಲಕ ಬರುವುದೇ ಇಲ್ಲ, ಪಕ್ಕದಿಂದ ನುಗ್ಗುತ್ತದೆ. ಕರೆಂಟ್ ಬಿಲ್ ಮಾತ್ರ ಪೂರ್ತಿ. ನಾನು ರಾತ್ರಿ ಪಾಳಿಯಲ್ಲಿ ಒಂದು ಸಲ ಸ್ಟ್ರಾಂಡ್ ಪಕ್ಕ ನಡೆದು ಹೋಗುತ್ತೇನೆ. ಸೀಲ್ ಹೋದ ಕಡೆ ಸೀಟಿ ಹೊಡೆದ ಹಾಗೆ ಸಣ್ಣ ಶಬ್ದ ಬರುತ್ತದೆ. ಒಂದು ಹಳೆ ಬನಿಯನ್ ಚೂರು ಹಿಡಿದರೆ ಸರಕ್ಕನೆ ಒಳಕ್ಕೆ ಎಳೆಯುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ ಬರುತ್ತೇನೆ, ಬೆಳಿಗ್ಗೆ ಗ್ರೀಸ್ ಹುಡುಗರು ನೋಡಿಕೊಳ್ಳುತ್ತಾರೆ.

ಫ್ಯಾನ್ ವಿಷಯಕ್ಕೆ ಬಂದೆವು, ಹೇಳಿಬಿಡುತ್ತೇನೆ. ತಣಿಸುವುದಕ್ಕೆ ಒಂದೇ ದೊಡ್ಡ ಫ್ಯಾನ್ ಒಪ್ಪಿಕೊಳ್ಳಬೇಡಿ. ಬೆಂದ ಹೆಂಟೆ ತೂತು ತೂತಾಗಿರುತ್ತದೆ, ಅದಕ್ಕೆ ಎಳೆತ ಕಡಿಮೆ ಸಾಕು, ಗಾಳಿ ಮಾತ್ರ ಬಹಳ ಬೇಕು. ಎರಡು ಸಣ್ಣ ಫ್ಯಾನ್ ಹಾಕಿಸಿಕೊಂಡರೆ ಒಂದು ನಿಂತಾಗ ಅರ್ಧ ಸ್ಪೀಡಿನಲ್ಲಾದರೂ ನಡೆಸಬಹುದು. ನಮ್ಮದು ಒಂದೇ. ಅದು ಟ್ರಿಪ್ ಆದರೆ ಪ್ಲಾಂಟೇ ನಿಲ್ಲುತ್ತದೆ, ಬೇರೆ ದಾರಿ ಇಲ್ಲ. ಸಿಂಟರ್ ಧೂಳು ಉಪ್ಪುಕಾಗದದ ಹಾಗೆ. ಫ್ಯಾನಿನ ರೆಕ್ಕೆ ಸವೆದು ತೂಕ ತಪ್ಪಿ ಅದುರಲು ಶುರುವಾದ ದಿನ ನಿದ್ದೆ ಇಲ್ಲ. ಧೂಳು ಬೇರ್ಪಡಿಸುವ ಸೈಕ್ಲೋನ್ ಒಳ್ಳೆಯದು ಹಾಕಿಸಿ.

ತಣಿಸುವ ಗಾಳಿಯ ಬಿಸಿ ವ್ಯರ್ಥ ಮಾಡದಿರುವುದು ಈ ಯಂತ್ರದಲ್ಲಿ ಸುಲಭ. ಎಲ್ಲ ಒಂದೇ ಸಾಲಿನಲ್ಲಿದೆ, ಪೈಪ್ ಗಿಡ್ಡ ಸಾಕು. ಮೊದಲ ನಾಲ್ಕು ತಣಿಸುವ ಬಾಕ್ಸಿನಿಂದ 250 ಡಿಗ್ರಿ ಮೇಲಿನ ಗಾಳಿ ಬರುತ್ತದೆ. ಅದನ್ನ ಇಗ್ನಿಷನ್ ಫರ್ನೇಸಿನ ಉರಿಗೂ, ಫರ್ನೇಸ್ ದಾಟಿದ ಕೂಡಲೇ ಬೆಡ್ ಮೇಲಿನ ಹುಡ್ಡಿಗೂ ಕೊಟ್ಟಿದ್ದೇವೆ. ಮೇಲಿನ ಪದರ ಯಾವಾಗಲೂ ಬಡವ. ತಣ್ಣನೆ ಗಾಳಿ ಕೂಡಲೇ ಬಡಿದು ಅದು ಸರಿಯಾಗಿ ಬೇಯುವುದೇ ಇಲ್ಲ. ಬಿಸಿ ಗಾಳಿ ಕೊಟ್ಟ ಮೇಲೆ ಮೇಲಿನ ಪದರ ಗಟ್ಟಿಯಾಯಿತು, ಉದುರುವ ಪುಡಿ ಕಡಿಮೆಯಾಯಿತು, ಗ್ಯಾಸ್ ಉಳಿಯಿತು. ನಾವು ಇದನ್ನ ನಾಲ್ಕು ವರ್ಷ ತಡವಾಗಿ ಮಾಡಿದೆವು. ಹೊಸದಾಗಿ ಕಟ್ಟುವವರು ಮೊದಲ ದಿನದಿಂದಲೇ ಕೇಳಿ ಪಡೆಯಬೇಕು.

ಆ ಇಬ್ಬರು ಇಂಜಿನಿಯರುಗಳಿಗೆ ನಾನು ಒತ್ತಿ ಹೇಳಿದ್ದು ಒಂದೇ. ಕೊಟೇಶನ್ನಿನಲ್ಲಿ "ಒಟ್ಟು 68 ಚದರ ಮೀಟರ್" ಅಂತ ಬರೆದರೆ ಒಪ್ಪಬೇಡಿ. ಸುಡಲು ಎಷ್ಟು, ತಣಿಸಲು ಎಷ್ಟು, ಬಿಡಿಸಿ ಬರೆಸಿಕೊಳ್ಳಿ. ನಮ್ಮದು 36 ಮತ್ತು 32. ಬೆಡ್ 550 ಇದ್ದಾಗ ಇದು ಸಾಕಾಗುತ್ತದೆ. ಎತ್ತರದ ಬೆಡ್ಡಿನಲ್ಲಿ ಕೋಕ್ ಉಳಿಯುತ್ತದೆ, ಕೆಳಗಿನ ಪದರ ಮೇಲಿನ ಬಿಸಿಯಲ್ಲೇ ಅರ್ಧ ಬೇಯುತ್ತದೆ ಅಂತ ಮ್ಯಾನೇಜ್‌ಮೆಂಟ್ 650 ಮಾಡಿಸಿತು. ಸುಟ್ಟಿತು, ಚೆನ್ನಾಗಿಯೇ ಸುಟ್ಟಿತು. ಆದರೆ ತಣಿಯಲಿಲ್ಲ. 17ನೇ ಬಾಕ್ಸ್ 150 ಕೆಳಗೆ ಇಳಿಯಲೇ ಇಲ್ಲ. ಮೂರು ವಾರ ಹೆಣಗಾಡಿ ಮತ್ತೆ 550ಕ್ಕೆ ಬಂದೆವು. ಕೂಲರ್ ಬೇರೆ ಇದ್ದಿದ್ದರೆ ಅದನ್ನ ಮಾತ್ರ ದೊಡ್ಡದು ಮಾಡಬಹುದಿತ್ತು. ಇಲ್ಲಿ ಸ್ಟ್ರಾಂಡ್ ಉದ್ದ ಮಾಡಲು ಕಟ್ಟಡವನ್ನೇ ಒಡೆಯಬೇಕು. ತಣಿಸುವ ಜಾಗ ಸುಡುವ ಜಾಗಕ್ಕೆ ಸಮ, ಸಾಧ್ಯವಾದರೆ ಸ್ವಲ್ಪ ಜಾಸ್ತಿಯೇ ಕೇಳಿ. ಅದಕ್ಕೆ ಕೊಡುವ ದುಡ್ಡು ಮೊದಲ ಮಳೆಗಾಲದಲ್ಲೇ ವಾಪಸ್ ಬರುತ್ತದೆ.

ಮಾಡಿಕೊಟ್ಟವರ ಸೇವೆ ಬಗ್ಗೆ: ಯಂತ್ರ ಶುರು ಮಾಡಿಸಲು ಬಂದವರು ಮೂರು ತಿಂಗಳು ಇಲ್ಲೇ ಇದ್ದು ಹುಡುಗರಿಗೆ ಶ್ರದ್ಧೆಯಿಂದ ಕಲಿಸಿದರು. ಅದನ್ನ ಮರೆಯುವುದಿಲ್ಲ. ಹೋದ ಮೇಲೆ ಮಾತ್ರ ಬಿಡಿಭಾಗದ ಡ್ರಾಯಿಂಗಿಗೆ ಎರಡು ವರ್ಷ ಪತ್ರ ಬರೆದೆವು. ಆರ್ಡರಿನಲ್ಲೇ ಡ್ರಾಯಿಂಗ್ ಸೇರಿಸಿಕೊಳ್ಳಿ. ಒಟ್ಟಾರೆ ಐದಕ್ಕೆ ನಾಲ್ಕು ಕೊಡುತ್ತೇನೆ. ದಿನಕ್ಕೆ ಸಾವಿರದಿಂದ ಎರಡು ಸಾವಿರ ಟನ್ನಿನ ಪ್ಲಾಂಟಿಗೆ, ಜಾಗ ಉದ್ದಕ್ಕೆ ಇದ್ದರೆ, ಅದಿರು ಬೆರೆಸುವ ಅಂಗಳ ಇದ್ದರೆ, ನಾನು ಇದನ್ನೇ ತಗೊಳ್ಳುತ್ತೇನೆ. ಅದಿರು ದಿನಕ್ಕೊಂದು ಬಗೆ, ಬೆರೆಸುವುದಕ್ಕೆ ಜಾಗ ಇಲ್ಲ ಅಂದರೆ ರೋಟರಿ ಕೂಲರೇ ಸರಿ.

ಅವರು ನನ್ನ ಕ್ಯಾಬಿನ್ನಿನಲ್ಲಿ ಕೂತಿದ್ದಾಗಲೇ ಕಂಟ್ರೋಲ್ ರೂಮಿನಿಂದ ಫೋನ್ ಬಂತು. ಗಿಣಿಗೇರಾ ಕಡೆಯ ಹುಡುಗ. ನೇರ ಈ ಯಂತ್ರಕ್ಕೇ ಸೇರಿದವನು, ಕೆಂಪು ಪಟ್ಟಿ ಅಂದರೆ ಏನು ಅಂತ ಅವನು ಕಂಡೇ ಇಲ್ಲ. "ಸರ್, ಆರನೇ ಬಾಕ್ಸ್ ಏರೋದು ತಡ ಆಗಾಕತ್ತೈತ್ರಿ. ಹತ್ತನೇದು ಸುಡೋ ಕಡೆ ತಿರುಗಿಸೀನಿ, ಸ್ಪೀಡ್ ಪಾಯಿಂಟ್ ಅರವತ್ತಕ್ಕ ಇಳಿಸೀನ್ರಿ" ಅಂದ. ಬೆಂಕಿ ತಳ ಮುಟ್ಟುವ 8ಕ್ಕೆ ಕಾಯದೆ, ಬಿಸಿ ಏರಲು ಶುರುವಾಗುವ 6ನೇ ಬಾಕ್ಸಿನಲ್ಲೇ ಅವನಿಗೆ ಗೊತ್ತಾಗಿತ್ತು. "ಹದಿನೇಳು ಎಷ್ಟೈತೋ?" ಅಂದೆ. "ತೊಂಬತ್ತಾರ್ರಿ." ಹೊರಗೆ ಮಳೆ ಜೋರಾಗಿತ್ತು. ಇಂಜಿನಿಯರುಗಳಿಗೆ ಇನ್ನೊಂದು ಚಹಾ ಹೇಳಿ, ಅವನ ಸ್ಕ್ರೀನ್ ತೋರಿಸಲು ಇಬ್ಬರನ್ನೂ ಮೇಲೆ ಕರೆದುಕೊಂಡು ಹೋದೆ.